ಬಾಬಾಸಾಹೇಬರು ಇದ್ದ ಖೋಲಿಗಳು

ಜೂನ್ ತಿಂಗಳಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದ ಊರಿನ ಹುಡುಗರನ್ನು ಕೇಳಿ ನೋಡಿ. ಸೀಟು ಸಿಕ್ಕಿತೇ ಅಂದರೆ ಉತ್ತರ ಥಟ್ಟನೆ ಬರುತ್ತದೆ. ಇಳಿದುಕೊಳ್ಳೋದಕ್ಕೆ ಜಾಗ ಸಿಕ್ಕಿತೇ ಅಂದರೆ ಮುಖ ಸಣ್ಣದಾಗುತ್ತದೆ. ಮುಂಬಯಿಯಲ್ಲಿ ವಿದ್ಯೆಗಿಂತ ತುಟ್ಟಿಯಾದದ್ದು ಆರಡಿ ಉದ್ದ ಮೂರಡಿ ಅಗಲದ ನೆಲ. ಚಿಕ್ಕಪ್ಪನ ಮನೆಯ ಪಡಸಾಲೆ, ಹೋಟೆಲಿನ ಮಾಳಿಗೆ, ಊರವರ ಸಂಘದ ಕೋಣೆ, ಅದೃಷ್ಟ ಇದ್ದವನಿಗೆ ಹಾಸ್ಟೆಲಿನ ಒಂದು ಮಂಚ. ಟ್ರಂಕು ಇಟ್ಟು ಹಾಸಿಗೆ ಬಿಚ್ಚಿದ ಮೇಲೆಯೇ ಹುಡುಗನ ಕಾಲೇಜು ಶುರುವಾಗೋದು. ಅಲ್ಲಿಯವರೆಗೆ ಅವನು ವಿದ್ಯಾರ್ಥಿಯಲ್ಲ, ಬರೀ ಪ್ರಯಾಣಿಕ.

ಇದೇ ಊರಿನಲ್ಲಿ ಅಂಥ ಆರಡಿ ನೆಲವೂ ಇಲ್ಲದೆ ಓದಿ, ಮುಂದೆ ಬೇರೆಯವರ ಮಕ್ಕಳಿಗಾಗಿ ಆ ನೆಲವನ್ನು ಒದಗಿಸುತ್ತ ಹೋದ ಒಬ್ಬರ ಕಥೆಯನ್ನು ಹೇಳಬೇಕೆಂದಿದ್ದೇನೆ. ಅವರು ಡಾಕ್ಟರ್ ಭೀಮರಾವ್ ರಾಮಜಿ ಅಂಬೇಡ್ಕರ್. ಅವರ ಸಂವಿಧಾನದ ಕೆಲಸ, ರಾಜಕೀಯ, ಧರ್ಮಾಂತರ ಇವುಗಳ ಬಗ್ಗೆ ದೊಡ್ಡ ದೊಡ್ಡ ಗ್ರಂಥಗಳಿವೆ, ವಾಚನಾಲಯಕ್ಕೆ ಹೋದರೆ ಸಿಗುತ್ತವೆ. ನಾನು ಅವರು ಎಲ್ಲೆಲ್ಲಿ ಮಲಗಿದರು, ಎಲ್ಲೆಲ್ಲಿ ಕೂತು ಓದಿದರು, ಯಾರ ಜೊತೆ ಖೋಲಿ ಹಂಚಿಕೊಂಡರು ಎಂಬಷ್ಟನ್ನೇ ಹಿಡಿದು ಹೊರಟಿದ್ದೇನೆ. ಹೊಸದಾಗಿ ಹಾಸ್ಟೆಲಿಗೆ ಬಂದವರಿಗೆ ಅಷ್ಟು ಸಾಕು ಅಂತ ನನ್ನ ಎಣಿಕೆ.

ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ಎಂಬ ದಂಡಿನ ಊರಿನಲ್ಲಿ. ತಂದೆ ರಾಮಜಿ ಸಕ್ಪಾಳರು ಸೈನ್ಯದಲ್ಲಿ ಸುಬೇದಾರರು. ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ, ಜಾತಿ ಮಹಾರ. ಹದಿನಾಲ್ಕನೆಯ ಮಗು ಈ ಭೀಮ. ತಾಯಿ ಭೀಮಾಬಾಯಿ ಅವನು ಸಣ್ಣವನಿದ್ದಾಗಲೇ ತೀರಿಕೊಂಡರು. ಸಾತಾರೆಯ ಶಾಲೆಯಲ್ಲಿ ಅವನು ಕೂರುತ್ತಿದ್ದದ್ದು ಮನೆಯಿಂದ ಒಯ್ದ ಗೋಣಿಯ ಮೇಲೆ. ಸಂಜೆ ಅದನ್ನು ಸುರುಳಿ ಸುತ್ತಿ ವಾಪಸು ತರಬೇಕು, ಯಾಕೆಂದರೆ ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ನಳ ಇತ್ತು, ಆದರೆ ತಿರುಗಿಸಲು ಜವಾನ ಬರಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಕ್ಷೌರಿಕರು ಕತ್ತರಿ ಮುಟ್ಟಿಸುತ್ತಿರಲಿಲ್ಲವಾದ್ದರಿಂದ ಅಕ್ಕಂದಿರೇ ಕೂದಲು ಕತ್ತರಿಸುತ್ತಿದ್ದರು. ಇವೆಲ್ಲ ನೀವು ಕೇಳಿದ ಸಂಗತಿಗಳೇ. ಆದರೂ ಒಂದು ಮಾತನ್ನು ಗಮನಿಸಿ: ವಿದ್ಯೆ ಕೊಡುವ ಜಾಗದಲ್ಲಿ ತನ್ನ ಕೂರುವ ಜಾಗವನ್ನು ತಾನೇ ಹೊತ್ತು ತರುವ ಹುಡುಗ ಅವನು.

1904ರ ಸುಮಾರಿಗೆ ಕುಟುಂಬ ಮುಂಬಯಿಗೆ ಬಂತು. ಲೋವರ್ ಪರೇಲದ ಡಬಕ್ ಚಾಳಿನಲ್ಲಿ ಒಂದೇ ಒಂದು ಖೋಲಿ. ಗಿರಣಿಗಳ ಪ್ರದೇಶ ಅದು. ಚಾಳೆಂದರೇನು ಅಂತ ನಮ್ಮಲ್ಲಿ ಕೆಲವರಿಗಾದರೂ ಹೇಳಬೇಕಾಗಿಲ್ಲ: ಉದ್ದನೆಯ ಓಣಿಯಂಥ ಜಗಲಿ, ಸಾಲಾಗಿ ಬಾಗಿಲುಗಳು, ಎಲ್ಲರಿಗೂ ಸೇರಿ ನಳ, ಎಲ್ಲರಿಗೂ ಸೇರಿ ಪಾಯಖಾನೆ. ಖೋಲಿಯೊಳಗೆ ಅಡುಗೆ, ಪಾತ್ರೆ, ಹೊಗೆ, ಮಂದಿ. ಮಗ ಓದಬೇಕು, ಆದರೆ ಎಲ್ಲಿ? ಸುಬೇದಾರರು ಒಂದು ಉಪಾಯ ಹೂಡಿದರು. ಮಗನನ್ನು ಸಂಜೆಯೇ ಮಲಗಿಸಿಬಿಡುವುದು, ತಾವು ಎಚ್ಚರವಿರುವುದು, ರಾತ್ರಿ ಎರಡು ಗಂಟೆಗೆ ಅವನನ್ನು ಎಬ್ಬಿಸಿ ಅವನು ಮಲಗಿದ್ದ ಜಾಗದಲ್ಲಿ ತಾವು ಮಲಗುವುದು! ಒಂದೇ ಹಾಸಿಗೆಗೆ ಎರಡು ಪಾಳಿ. ಗಿರಣಿ ಕಾರ್ಮಿಕರ ಖೋಲಿಗಳಲ್ಲಿ ಹಗಲುಪಾಳಿಯವನು ಎದ್ದ ಜಾಗದಲ್ಲಿ ರಾತ್ರಿಪಾಳಿಯವನು ಮಲಗುವ ರೂಢಿ ಇತ್ತಲ್ಲ, ಅದೇ ಲೆಕ್ಕ. ಚಿಮಣಿ ಇಲ್ಲದ ಎಣ್ಣೆ ದೀಪ, ಪಕ್ಕದಲ್ಲಿ ಕಟ್ಟಿದ ಒಂದು ಆಡು. ಬೆಳಗಿನವರೆಗೆ ಓದು. ಸಂಜೆ ಶಾಲೆ ಬಿಟ್ಟ ಮೇಲೆ ಮನೆಗೆ ಬಂದು ಮಾಡುವುದೇನು, ಜಾಗ ಇದ್ದರೆ ತಾನೆ! ಹುಡುಗ ಚರ್ನಿ ರೋಡಿನ ಉದ್ಯಾನದಲ್ಲಿ ಪುಸ್ತಕ ಹಿಡಿದು ಕೂತುಬಿಡುತ್ತಿದ್ದ. ಅಲ್ಲೇ ಅವನು ಕೃಷ್ಣಾಜಿ ಅರ್ಜುನ ಕೇಳುಸ್ಕರರ ಕಣ್ಣಿಗೆ ಬಿದ್ದದ್ದು. ಅವರು ವಿಲ್ಸನ್ ಹೈಸ್ಕೂಲಿನ ಮಾಸ್ತರರು, ಮರಾಠಿಯ ಒಳ್ಳೆ ಲೇಖಕರು. ಖೋಲಿ ಕೊಡದ ಅಧ್ಯಾಪಕರನ್ನು ತೋಟ ಕೊಟ್ಟಿತು ಅನ್ನಬೇಕು.

ಪುಸ್ತಕಕ್ಕೆ ದುಡ್ಡು ಬೇಕಾದಾಗ ಸುಬೇದಾರರು ಲಗ್ನವಾಗಿ ಹೋದ ತಮ್ಮ ಹೆಣ್ಣುಮಕ್ಕಳ ಮನೆಗೆ ಹೋಗುತ್ತಿದ್ದರು. ಅವರ ಒಂದು ಆಭರಣ ತಂದು ಸಾಹುಕಾರನಲ್ಲಿ ಒತ್ತೆ ಇಡುವುದು, ಪೆನ್‌ಶನ್ನು ಬಂದಾಗ ಬಿಡಿಸಿ ಹಿಂದಿರುಗಿಸುವುದು. ಮಂಜುಳಾ, ತುಳಸಿ ಎಂಬ ಆ ಅಕ್ಕಂದಿರ ಹೆಸರು ಅಂಬೇಡ್ಕರರ ಚರಿತ್ರೆಯಲ್ಲಿ ಎರಡು ಸಾಲಿಗಿಂತ ಹೆಚ್ಚು ಬರುವುದಿಲ್ಲ. ಬರಬೇಕಿತ್ತು.

ಎಲ್ಫಿನ್‌ಸ್ಟನ್ ಹೈಸ್ಕೂಲು ಸರಕಾರಿ ಶಾಲೆ, ಹೆಸರುವಾಸಿಯಾದದ್ದು. ಮುಂಬಯಿ ಸಾತಾರೆಯಲ್ಲವಲ್ಲ, ಇಲ್ಲಿ ಗೋಣಿ ತರಬೇಕಾಗಿರಲಿಲ್ಲ. ಆದರೆ ಒಮ್ಮೆ ಲೆಕ್ಕ ಬಿಡಿಸಲು ಮಾಸ್ತರರು ಅವನನ್ನು ಕರಿಹಲಗೆಗೆ ಕರೆದಾಗ ಇಡೀ ತರಗತಿಯೇ ಗುಲ್ಲೆಬ್ಬಿಸಿ ಮುಂದೆ ಓಡಿತಂತೆ. ಹಲಗೆಯ ಹಿಂದೆ ಅವರ ಊಟದ ಡಬ್ಬಿಗಳಿದ್ದವು! ಡಬ್ಬಿಗಳು ಸುರಕ್ಷಿತವಾಗಿ ಬೇರೆಡೆಗೆ ಹೋದ ಮೇಲೆ ಭೀಮರಾವ್ ಲೆಕ್ಕ ಬಿಡಿಸಿದ. ಸಂಸ್ಕೃತ ಕಲಿಯುವ ಆಸೆ ಇತ್ತು, ದೊರೆಯಲಿಲ್ಲ, ಪಾರಸಿ ತೆಗೆದುಕೊಳ್ಳಬೇಕಾಯಿತು. 1907ರಲ್ಲಿ ಮ್ಯಾಟ್ರಿಕ್ ಪಾಸಾಯಿತು, 750ಕ್ಕೆ 282 ಅಂಕ. ಇವತ್ತು ಆ ಅಂಕಕ್ಕೆ ನಮ್ಮಲ್ಲಿ ಯಾರೂ ಪೇಡೆ ಹಂಚುವುದಿಲ್ಲ. ಅಂದು ಒಂದು ಸಭೆಯನ್ನೇ ಕೂಡಿಸಿದರು. ಎಸ್. ಕೆ. ಬೋಲೆಯವರು ಅಧ್ಯಕ್ಷರು. ಕೇಳುಸ್ಕರರು ತಾವೇ ಮರಾಠಿಯಲ್ಲಿ ಬರೆದ ಗೌತಮ ಬುದ್ಧನ ಚರಿತ್ರೆಯನ್ನು ಹುಡುಗನ ಕೈಗಿಟ್ಟರು. ಆ ಪುಸ್ತಕದ ಫಲ ತಿಳಿಯಲು 1956ರವರೆಗೆ ಕಾಯಬೇಕಾಯಿತು.

ರಮಾಬಾಯಿಯೊಂದಿಗೆ ಲಗ್ನವಾದದ್ದೂ ಆ ಕಾಲದಲ್ಲೇ. ಎಲ್ಲಿ ಗೊತ್ತೇ? ಭಾಯಖಳಾ ಮಾರುಕಟ್ಟೆಯಲ್ಲಿ. ದಿನದ ವ್ಯಾಪಾರ ಮುಗಿದ ಮೇಲೆ ಮಾರುಕಟ್ಟೆಯ ಮಾಡಿನ ಕೆಳಗೆ ಒಂದು ಮೂಲೆಯಲ್ಲಿ ಗಂಡಿನ ಕಡೆಯವರು, ಇನ್ನೊಂದು ಮೂಲೆಯಲ್ಲಿ ಹೆಣ್ಣಿನ ಕಡೆಯವರು. ಬೆಳಗಾಗುವ ಮೊದಲೇ ಮುಗಿಸಿ ಜಾಗ ಖಾಲಿ ಮಾಡಬೇಕು.

ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿದ ಮೇಲೆ ಕುಟುಂಬ ಪರೇಲದಲ್ಲೇ ಇಂಪ್ರೂವ್‌ಮೆಂಟ್ ಟ್ರಸ್ಟಿನ ಒಂದನೆಯ ಚಾಳಿಗೆ ಹೋಯಿತು. ಎದುರುಬದುರು ಎರಡು ಖೋಲಿ, 50 ಮತ್ತು 51. ಒಂದು ಮನೆಯವರಿಗೆ, ಇನ್ನೊಂದು ಓದಿಗೆ. ಸುಬೇದಾರರ ಲೆಕ್ಕದಲ್ಲಿ ಇದು ಅರಮನೆಯೇ. ಕೇಳುಸ್ಕರರು ಮಧ್ಯೆ ನಿಂತು ಬಡೋದೆಯ ಸಯಾಜಿರಾವ್ ಗಾಯಕವಾಡರಿಂದ ತಿಂಗಳಿಗೆ 25 ರೂಪಾಯಿ ವಿದ್ಯಾರ್ಥಿವೇತನ ಕೊಡಿಸಿದರು. ಪ್ರೊಫೆಸರ್ ಮುಲ್ಲರ್ ಪುಸ್ತಕ ಕೊಟ್ಟರು, ಬಟ್ಟೆಯನ್ನೂ ಕೊಟ್ಟರು. ಕಾಲೇಜಿನ ಹೋಟೆಲಿನವನು ಮಾತ್ರ ಚಹಾ ಹೋಗಲಿ, ನೀರನ್ನೂ ಕೊಡಲಿಲ್ಲ. 1912ರಲ್ಲಿ ಬಿ.ಎ. ಆಯಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಕನ್ನಡ ನಾಡಿನ ಹಿರಿಯರ ಚರಿತ್ರೆಗಳನ್ನು ಓದಿದವರಿಗೆ ಒಂದು ಅಧ್ಯಾಯ ತಪ್ಪದೆ ಸಿಗುತ್ತದೆ, ಅದು ವಾರಾನ್ನದ ಅಧ್ಯಾಯ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಶನಿವಾರದ ಮನೆ ಸಿಗದಿದ್ದರೆ ಉಪವಾಸ. ಅವಮಾನವೂ ಇತ್ತು, ಆದರೆ ಊಟವೂ ಇತ್ತು. ಮಲಗಲು ಯಾರದ್ದೋ ಜಗಲಿ, ಯಾವುದೋ ಗುಡಿಯ ಪೌಳಿ. ಬಡತನದಲ್ಲಿ ಓದಿ ದೊಡ್ಡವರಾದವರ ಕಥೆ ಹೇಳುವಾಗ ನಾವು ಇದನ್ನು ಹೆಮ್ಮೆಯಿಂದಲೇ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಮಹಾರ ಹುಡುಗನಿಗೆ, ಹೊಲೆಯರ ಹುಡುಗನಿಗೆ, ಮಾದಿಗರ ಹುಡುಗನಿಗೆ ಆ ಜಗಲಿ ಇರಲಿಲ್ಲ, ಆ ವಾರಗಳೂ ಇರಲಿಲ್ಲ. ಪೇಟೆಯ ಶಾಲೆ ಕಾನೂನಿನಂತೆ ಅವನನ್ನು ಸೇರಿಸಿಕೊಂಡರೂ ಪೇಟೆಯಲ್ಲಿ ಅವನು ರಾತ್ರಿ ಕಳೆಯುವುದು ಎಲ್ಲಿ? ಬಡತನ ಒಂದು, ಈ ಬಾಗಿಲು ಮುಚ್ಚಿರುವುದು ಇನ್ನೊಂದು. ಈ ಎರಡರ ವ್ಯತ್ಯಾಸ ತಿಳಿಯದೆ ಅಂಬೇಡ್ಕರರು ಮುಂದೆ ಹಾಸ್ಟೆಲುಗಳಿಗೆ ಯಾಕೆ ಅಷ್ಟು ಜೀವ ತೇಯ್ದರು ಎಂಬುದು ತಿಳಿಯುವುದಿಲ್ಲ.

1913ರ ಫೆಬ್ರವರಿ 2ರಂದು ತಂದೆ ಹೋದರು. ಅದೇ ವರ್ಷ ಬಡೋದೆಯ ಮಹಾರಾಜರ ಇನ್ನೊಂದು ವೇತನ, ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ, ಅಮೇರಿಕೆಗೆ. ಓದಿ ಬಂದು ಹತ್ತು ವರ್ಷ ಸಂಸ್ಥಾನದ ಸೇವೆ ಮಾಡತಕ್ಕದ್ದು ಎಂಬ ಕರಾರು. ಜುಲೈಯಲ್ಲಿ ನ್ಯೂಯಾರ್ಕಿಗೆ ಬಂದು ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲ್ ಎಂಬ ವಸತಿಗೃಹದಲ್ಲಿ ಇಳಿದುಕೊಂಡರು. ಇಪ್ಪತ್ತೆರಡು ವರ್ಷದ ಪರೇಲದ ಹುಡುಗ. ಅವರ ಬಾಳಿನಲ್ಲಿ ಮೊದಲ ಹಾಸ್ಟೆಲು ಇದೇ!

ಎಲ್ಲ ಹೊಸ ಹುಡುಗರ ಹಾಗೆ ಅವರಿಗೂ ಮೊದಲು ತಗಾದೆ ತಂದದ್ದು ಮೆಸ್ಸಿನ ಊಟವೇ. ಅರೆಬೆಂದ ಪದಾರ್ಥ, ದನದ ಮಾಂಸ, ನಾಲಿಗೆಗೆ ಸೇರದು. ವಾರದೊಳಗೆ ಜಾಗ ಬದಲಾಯಿಸಿ ಪಶ್ಚಿಮ 114ನೇ ಬೀದಿಯ ಕಾಸ್ಮೋಪಾಲಿಟನ್ ಕ್ಲಬ್ಬಿಗೆ ಹೋದರು. ಅಲ್ಲಿ ಕೆಲವು ಭಾರತೀಯ ಹುಡುಗರಿದ್ದರು. ಕೊನೆಗೆ ಲಿವಿಂಗ್‌ಸ್ಟನ್ ಹಾಲ್ ಎಂಬ ವಸತಿಗೃಹದಲ್ಲಿ ನವಲ್ ಭಾಥೇನಾ ಎಂಬ ಪಾರಸಿ ಹುಡುಗನ ಜೊತೆ ಒಂದು ಕೋಣೆಯಲ್ಲಿ ನೆಲೆಸಿದರು. ಆರಂಭದ ಕೆಲವು ತಿಂಗಳು ಆಟ, ತಿರುಗಾಟ, ಮೋಜು. ಚರಿತ್ರೆಕಾರರು ಇದನ್ನು ಸ್ವಲ್ಪ ನಾಚಿಕೆಯಿಂದ ಬರೆದು ಮುಂದೆ ಹೋಗುತ್ತಾರೆ. ನನಗಂತೂ ಇದು ಓದಿ ಸಂತೋಷವಾಯಿತು. ಹುಟ್ಟಿದಾಗಿನಿಂದ ಯಾರೊಬ್ಬರೂ ಅವನ ಬಟ್ಟಲನ್ನು ಬೇರೆ ಇಡದ, ಅವನು ಮುಟ್ಟಿದ ನಳವನ್ನು ತೊಳೆಯದ ಜಾಗಕ್ಕೆ ಬಂದ ಹುಡುಗ ನಾಲ್ಕು ತಿಂಗಳು ಕುಣಿದಾಡಿದರೆ ತಪ್ಪೇನು? ಒಂದೇ ಮೇಜಿನಲ್ಲಿ ಎಲ್ಲರೊಡನೆ ಕೂತು ಉಣ್ಣುವುದು ನಮಗೆ ಮೆಸ್ಸಿನ ಗಲಾಟೆ. ಅವರಿಗೆ ಅದು ಹೊಸ ಲೋಕ. ಆಮೇಲೆ ಹಿಡಿದ ಪುಸ್ತಕವನ್ನು ಬಿಡಲಿಲ್ಲ. ದಿನಕ್ಕೆ ಹದಿನೆಂಟು ತಾಸಿನ ಓದು ಅನ್ನುತ್ತಾರೆ. 1915ರಲ್ಲಿ ಎಂ.ಎ., 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಎಂಬ ವಿದ್ವಾಂಸರ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ. ಸೆಲಿಗ್‌ಮನ್, ಡ್ಯೂಯಿ ಮುಂತಾದವರು ಗುರುಗಳು. ಖೋಲಿಯ ಜೊತೆಗಾರ ನವಲ್ ಮಾತ್ರ ಕೊನೆತನಕ ಉಳಿದ ಸ್ನೇಹಿತ. ಮುಂದೆ ಲಂಡನ್ನಿನ ಓದಿಗೆ ದುಡ್ಡು ಸಾಲದಾದಾಗ ಸಾಲ ಕೊಟ್ಟವರಲ್ಲಿ ಅವರೂ ಒಬ್ಬರು.

ಅಲ್ಲಿಂದ ಲಂಡನ್ನು, ಅರ್ಧ ಓದು, ವೇತನದ ಅವಧಿ ಮುಗಿಯಿತೆಂದು ಕರೆ. 1917ರಲ್ಲಿ ಬಡೋದೆಗೆ ನೌಕರಿಗೆ ಹೋದರು. ಕೊಲಂಬಿಯಾದಲ್ಲಿ ಓದಿ ಬಂದ ವಿದ್ವಾಂಸರಿಗೆ ಬಡೋದೆಯಲ್ಲಿ ಉಳಿಯಲು ಜಾಗ ಇಲ್ಲ. ಹಿಂದೂ ಹೋಟೆಲಿಗೆ ಜಾತಿ ಹೇಳಿ ಹೋಗುವಂತಿಲ್ಲ. ಒಂದು ಪಾರಸಿ ವಸತಿಗೆ ಹೋದರು, ಅಲ್ಲಿ ಪಾರಸಿಗಳಲ್ಲದವರಿಗೆ ಪ್ರವೇಶವಿಲ್ಲ. ನೋಡಿಕೊಳ್ಳುವವನಿಗೂ ಗಿರಾಕಿ ಬೇಕಾಗಿತ್ತು. ಪುಸ್ತಕದಲ್ಲಿ ಒಂದು ಪಾರಸಿ ಹೆಸರು ಬರೆಯುವುದೆಂದಾಯಿತು. ಊಟ ವಸತಿ ಸೇರಿ ದಿನಕ್ಕೆ ಒಂದೂವರೆ ರೂಪಾಯಿ. ಮಾಳಿಗೆಯಲ್ಲಿ ಹಾಳು ಸಾಮಾನು ತುಂಬಿದ ದೊಡ್ಡ ಹಾಲು, ಮಂದ ದೀಪ, ಮಾತಾಡಲು ಒಬ್ಬ ಮನುಷ್ಯನಿಲ್ಲ. ಕಚೇರಿಯಲ್ಲಿ ಜವಾನರು ಕಾಗದಪತ್ರಗಳನ್ನು ದೂರದಿಂದ ಮೇಜಿಗೆ ಎಸೆಯುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಟಾಗ ಹತ್ತು ಹನ್ನೆರಡು ಮಂದಿ ಕೋಲು ಹಿಡಿದು ಮೆಟ್ಟಿಲು ಹತ್ತಿ ಬಂದರು. ಸಂಜೆಯೊಳಗೆ ಖಾಲಿ ಮಾಡಬೇಕೆಂದರು. ಊರಿನಲ್ಲಿದ್ದ ಇಬ್ಬರು ಸ್ನೇಹಿತರ ಮನೆ ನೆನಪಾಯಿತು, ಒಬ್ಬರು ಹಿಂದೂ, ಒಬ್ಬರು ಕ್ರೈಸ್ತರು. ಇಬ್ಬರೂ ತಮ್ಮ ತಮ್ಮ ಅಡಚಣೆ ಹೇಳಿದರು. ಸಾರ್ವಜನಿಕ ತೋಟದಲ್ಲಿ ಒಬ್ಬರೇ ಕೂತು ಹೊತ್ತು ಕಳೆದು ರಾತ್ರಿ ಗಾಡಿಗೆ ಮುಂಬಯಿಗೆ ಮರಳಿದರು. ಹದಿನೆಂಟು ವರ್ಷದ ಮೇಲೂ ಆ ದಿನದ ನೆನಪಿಗೆ ಕಣ್ಣಲ್ಲಿ ನೀರು ಬರುತ್ತಿತ್ತೆಂದು ಅವರೇ ಬರೆದಿಟ್ಟಿದ್ದಾರೆ.

ನವಲ್ ಭಾಥೇನಾ ಪಾರಸಿ, ಕೋಲು ಹಿಡಿದು ಬಂದವರೂ ಪಾರಸಿಗಳೇ. ಹಾಸ್ಟೆಲಿನ ಒಂದು ಕೋಣೆಯಲ್ಲಿ ಎರಡು ವರ್ಷ ಕೂಡಿ ಇರುವುದಕ್ಕೂ ಬೀದಿಯಲ್ಲಿ ಕೂಡಿ ಇರುವುದಕ್ಕೂ ಎಷ್ಟು ಅಂತರ ನೋಡಿ.

1918ರಲ್ಲಿ ಸಿಡನ್‌ಹ್ಯಾಂ ಕಾಲೇಜಿನಲ್ಲಿ ಪ್ರೊಫೆಸರರಾದರು. ಅಲ್ಲಿಯೂ ಅಧ್ಯಾಪಕರ ಕೊಠಡಿಯ ನೀರಿನ ಕೊಡ ಮುಟ್ಟಿದ್ದಕ್ಕೆ ಕೆಲವರ ಆಕ್ಷೇಪಣೆ. ಸಂಬಳದಲ್ಲಿ ಉಳಿಸಿ, ಸಾಲ ಮಾಡಿ, ಕೊಲ್ಹಾಪುರದ ಶಾಹೂ ಮಹಾರಾಜರ ಸಹಾಯ ಪಡೆದು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ಕಿಂಗ್ ಹೆನ್ರಿ ರಸ್ತೆಯ 10ನೇ ನಂಬರಿನ ಮನೆಯಲ್ಲಿ ಬಾಡಿಗೆ ಕೋಣೆ. ಮನೆಯೊಡತಿ ಜಿಪುಣಿ ಎಂದು ಚರಿತ್ರೆಯಲ್ಲಿ ದಾಖಲಾಗಿಬಿಟ್ಟಿದ್ದಾಳೆ ಪಾಪ! ಬೆಳಿಗ್ಗೆ ಒಂದು ಬ್ರೆಡ್ಡು, ಚೂರು ಮೀನು, ಒಂದು ಕಪ್ ಚಹಾ. ನಂತರ ಮ್ಯೂಸಿಯಂ ವಾಚನಾಲಯ. ಬಸ್ಸಿಗೆ ದುಡ್ಡು ಉಳಿಸಲು ನಡಿಗೆ. ರಾತ್ರಿ ಹತ್ತಕ್ಕೆ ಹಸಿವು ಕಾಡಿದಾಗ ಪರಿಚಯದವರು ಕೊಟ್ಟ ಹಪ್ಪಳದ ಕಟ್ಟಿನಿಂದ ನಾಲ್ಕು ತೆಗೆದು ತಗಡಿನ ತಟ್ಟೆಯಲ್ಲಿ ಸುಟ್ಟು ತಿನ್ನುವುದು. ಊರಿನಿಂದ ಬರುವಾಗ ಅಮ್ಮ ಕಟ್ಟಿಕೊಟ್ಟ ಹಪ್ಪಳದ ಬೆಲೆ ಹಾಸ್ಟೆಲಿನವರಿಗಷ್ಟೇ ಗೊತ್ತು. ಮಧ್ಯರಾತ್ರಿ ಕೋಣೆಯ ಜೊತೆಗಾರನಿಗೆ ಎಚ್ಚರವಾದಾಗಲೆಲ್ಲ ಇವರು ಓದುತ್ತಲೇ ಇರುತ್ತಿದ್ದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಕೈಗೆ ಬಂತು, ಬ್ಯಾರಿಸ್ಟರಿಕೆಯೂ ಆಯಿತು. ಆ ಮನೆಯನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿತು.

ಮುಂಬಯಿಗೆ ಬಂದ ಬ್ಯಾರಿಸ್ಟರರು ಎಲ್ಲಿ ಉಳಿದರು? ಅದೇ ಪರೇಲದ ಚಾಳು, ಅದೇ ಖೋಲಿಗಳು. ಇನ್ನೂ ಹತ್ತು ವರ್ಷ ಅಲ್ಲೇ. ದಾಮೋದರ ಹಾಲ್ ಬಳಿ ಕಚೇರಿ. 1924ರ ಜುಲೈ 20ರಂದು ಬಹಿಷ್ಕೃತ ಹಿತಕಾರಿಣೀ ಸಭಾ ಸ್ಥಾಪನೆಯಾಯಿತು. ಸಭೆ ಹುಟ್ಟಿ ಆರು ತಿಂಗಳು ತುಂಬುವ ಮೊದಲೇ, 1925ರ ಜನವರಿ 4ರಂದು, ಸೊಲ್ಲಾಪುರದಲ್ಲಿ ಒಂದು ವಿದ್ಯಾರ್ಥಿ ವಸತಿಗೃಹ ತೆರೆಯಿತು. ಮಹಾಡದ ಕೆರೆ, ಕಾಳಾರಾಮ ಗುಡಿ ಇವೆಲ್ಲ ಆಮೇಲಿನವು. ಮೊದಲು ಹಾಸ್ಟೆಲು. ಇದನ್ನು ನಮ್ಮಲ್ಲಿ ಭಾಷಣ ಮಾಡುವವರು ಹೇಳುವುದು ಕಡಮೆ, ಯಾಕೆಂದರೆ ಕೆರೆಯ ನೀರಿಗೆ ಕೈಹಾಕಿದ ಚಿತ್ರ ಕಣ್ಣಿಗೆ ಕಟ್ಟುತ್ತದೆ, ಹಾಸ್ಟೆಲಿನ ಅಕ್ಕಿಬೇಳೆ ಲೆಕ್ಕ ಕಟ್ಟುವುದಿಲ್ಲ. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದಲೇ ಜಾತಿಜಾತಿಗೆ ಬೋರ್ಡಿಂಗು ತೆರೆದು ದಾರಿ ತೋರಿಸಿದ್ದರು, 1908ರಲ್ಲಿ ಅಸ್ಪೃಶ್ಯ ಮಕ್ಕಳಿಗೂ ಒಂದು ಆಗಿತ್ತು. ಆದರೆ ರಾಜರು ಕಟ್ಟುವುದು ಬೇರೆ, ಚಾಳಿನಲ್ಲಿರುವ ವಕೀಲ ಚಂದಾ ಎತ್ತಿ ಕಟ್ಟುವುದು ಬೇರೆ. ನಮ್ಮಂಥವರಿಗೆ ಇಷ್ಟವಾಗುವ ಒಂದು ವಿವರ ಇದೆ. ಈ ಸಭೆಯ ಆಶ್ರಯದಲ್ಲಿ ವಿದ್ಯಾರ್ಥಿಗಳು ಸರಸ್ವತೀ ವಿಲಾಸ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು! ನಾಲ್ಕು ಹುಡುಗರು ಒಂದು ಸೂರಿನ ಕೆಳಗೆ ಉಂಡು ಮಲಗಿದರೆ ಪತ್ರಿಕೆ ಹುಟ್ಟಲೇಬೇಕು, ಅದು ಅಂದಿನಿಂದ ಇಂದಿನವರೆಗೆ ನಡೆದುಬಂದದ್ದು.

ಅದೇ 1925ರಲ್ಲಿ ಅವರು ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಪರಿಷತ್ತಿಗೆ ಬಂದಿದ್ದರು. ಆಗ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಎಲ್ಲ ಮುಂಬಯಿ ಇಲಾಖೆಗೇ ಸೇರಿದವು. ಹಾಗಾಗಿ ಅಂಬೇಡ್ಕರರು ಕನ್ನಡ ಜಿಲ್ಲೆಗಳಿಗೆ ಪರಊರಿನವರಲ್ಲ. 1928ರಲ್ಲಿ ಅವರು ದಲಿತ ವರ್ಗಗಳ ಶಿಕ್ಷಣ ಸಂಘವನ್ನು ಕಟ್ಟಿ ಹೈಸ್ಕೂಲು ಮಕ್ಕಳಿಗೆ ವಸತಿಗೃಹಗಳ ಬೇಡಿಕೆ ಇಟ್ಟಾಗ ಮುಂಬಯಿ ಸರಕಾರ ಮಂಜೂರು ಮಾಡಿದ ಊರುಗಳಲ್ಲಿ ಪನವೇಲ, ಠಾಣೆ, ನಾಸಿಕ, ಪುಣೆಗಳ ಜೊತೆ ಧಾರವಾಡವೂ ಒಂದು. ಧಾರವಾಡದ ಈ ವಸತಿಗೃಹವನ್ನು ನೋಡಿಕೊಂಡವರು ಬಳವಂತರಾವ್ ಹಣಮಂತರಾವ್ ವರಾಳೆ. ಸರಕಾರದ ಅನುದಾನ ಇತ್ತು, ಆದರೆ ಹಸಿವು ಅನುದಾನದ ತಾರೀಕು ನೋಡಿ ಬರುವುದಿಲ್ಲವಲ್ಲ.

ಇಲ್ಲಿ ರಮಾಬಾಯಿಯವರ ಒಂದು ಪ್ರಸಂಗವನ್ನು ವರಾಳೆಯವರ ಕಡೆಯಿಂದ ಬಂದದ್ದೆಂದು ಎಲ್ಲರೂ ಹೇಳುತ್ತಾ ಬಂದಿದ್ದಾರೆ. ಸಾಹೇಬರು ಪರದೇಶಕ್ಕೆ ಹೋಗಿದ್ದಾಗ, ಮೈ ಸರಿಯಿಲ್ಲದ ರಮಾಬಾಯಿಯವರು ಹವೆ ಬದಲಾವಣೆಗೆಂದು ಧಾರವಾಡಕ್ಕೆ ವರಾಳೆಯವರಲ್ಲಿಗೆ ಬಂದು ಉಳಿದಿದ್ದರು. ಹಾಸ್ಟೆಲಿನ ಸಣ್ಣ ಮಕ್ಕಳು ದಿನವೂ ಅಂಗಳಕ್ಕೆ ಆಡಲು ಬರುತ್ತಿದ್ದರು. ಎರಡು ಮೂರು ದಿನ ಮಕ್ಕಳೇ ಕಾಣಲಿಲ್ಲ. ಏನೆಂದು ವಿಚಾರಿಸಿದರೆ ಅನುದಾನ ಬಂದಿಲ್ಲ, ಅಕ್ಕಿ ಮುಗಿದಿದೆ, ಮಕ್ಕಳು ಹಸಿದು ಮಲಗಿವೆ. ರಮಾಬಾಯಿ ಒಳಗೆ ಹೋಗಿ ತಮ್ಮ ಚಿನ್ನದ ಬಳೆಗಳನ್ನು ತಂದು ವರಾಳೆಯವರ ಕೈಗೆ ಕೊಟ್ಟರು. ಒತ್ತೆ ಇಡಲಿ, ಮಾರಲಿ, ಮಕ್ಕಳು ಉಣ್ಣಬೇಕು. ಆ ದಿನ ಒಲೆ ಹೊತ್ತಿತು.

ಈಕೆ ಯಾರು? ಗಂಡ ಲಂಡನ್ನಿನಲ್ಲಿ ಹಪ್ಪಳ ಸುಡುತ್ತಿದ್ದಾಗ ಪರೇಲದ ಖೋಲಿಯಲ್ಲಿ ಮಕ್ಕಳನ್ನು ಒಂದೊಂದಾಗಿ ಕಳೆದುಕೊಂಡವರು. ಹೆತ್ತವರಲ್ಲಿ ಉಳಿದದ್ದು ಯಶವಂತ ಒಬ್ಬನೇ. ಓದಿನ ಗಂಧವಿಲ್ಲದ ಹಳ್ಳಿಯ ಹೆಂಗಸು ಅಂತ ನಾವು ಸುಲಭವಾಗಿ ಬರೆದುಬಿಡುತ್ತೇವೆ. ಆದರೆ ವಿದ್ಯಾರ್ಥಿಯ ಹೊಟ್ಟೆ ಮತ್ತು ವಿದ್ಯೆ ಎರಡಕ್ಕೂ ನಡುವಿನ ದಾರಿ ಎಷ್ಟು ಹತ್ತಿರದ್ದೆಂದು ಆಕೆಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. 1935ರ ಮೇ 27ರಂದು ಆಕೆ ತೀರಿಕೊಂಡರು, ದಾದರಿನ ಹಿಂದೂ ಕಾಲನಿಯ ರಾಜಗೃಹದಲ್ಲಿ. ಆ ಮನೆಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ರಾಜಗೃಹವನ್ನು ಅಂಬೇಡ್ಕರರು ಕಟ್ಟಿಸಿದ್ದು ಮುಖ್ಯವಾಗಿ ಪುಸ್ತಕಗಳಿಗೆ. ಚಾಳಿನ ಖೋಲಿಯಲ್ಲಿ ಮನುಷ್ಯರಿಗೇ ಜಾಗ ಇಲ್ಲದಿದ್ದಾಗ ಪುಸ್ತಕಗಳು ಹೋಗುವುದೆಲ್ಲಿಗೆ?

ನಡುವಿನ ಹತ್ತು ವರ್ಷ ನಾನು ಹಾರಿಸುತ್ತೇನೆ. ಅದು ಚುನಾವಣೆ, ಪಕ್ಷ, ವೈಸರಾಯರ ಕಾರ್ಯಕಾರಿ ಮಂಡಳಿಯ ಕಾಲ. 1945ರ ಜುಲೈ 8ರಂದು ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪನೆಯಾಯಿತು. 1946ರ ಜೂನ್ 20ರಂದು ಅದರ ಮೊದಲ ಕಾಲೇಜು ಸಿದ್ಧಾರ್ಥ ಶುರುವಾಯಿತು, ಯುದ್ಧಕಾಲದಲ್ಲಿ ಸೈನ್ಯಕ್ಕೆಂದು ಹಾಕಿದ್ದ ಬ್ಯಾರಕುಗಳಲ್ಲಿ. ಈ ಕಾಲೇಜಿನ ದೊಡ್ಡ ಗುಣವೆಂದರೆ ಮುಂಜಾನೆಯ ತರಗತಿ. ಹತ್ತು ಗಂಟೆಗೆ ಕಚೇರಿಗೋ ಅಂಗಡಿಗೋ ಹೋಗಬೇಕಾದವನು ಅಷ್ಟರೊಳಗೆ ಪಾಠ ಕೇಳಿ ಮುಗಿಸಬಹುದು. ದಲಿತ ಹುಡುಗರಿಗಷ್ಟೇ ಅಲ್ಲ, ಯಾವ ಜಾತಿಯವನಿಗೂ ಬಾಗಿಲು ತೆರೆದಿತ್ತು. ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಮ್ಯಾಟ್ರಿಕ್ ಮಾಡಿದ ನಮ್ಮ ಮುಂಬಯಿ ಕನ್ನಡಿಗರಿಗೆ ಅಂಥ ಕಾಲೇಜು ಏನೆಂಬುದನ್ನು ಬಿಡಿಸಿ ಹೇಳಬೇಕೇ? ಹೋಟೆಲಿನ ಮಾಳಿಗೆಯಲ್ಲಿ ಮಲಗಿ ಎದ್ದವನಿಗೂ ಗಿರಣಿಯ ಚಾಳಿನಿಂದ ಬಂದವನಿಗೂ ಅಲ್ಲಿ ಒಂದೇ ಬೆಂಚು.

ನಾಲ್ಕು ವರ್ಷದ ಮೇಲೆ, 1950ರಲ್ಲಿ, ಔರಂಗಾಬಾದಿನಲ್ಲಿ ಎರಡನೆಯ ಕಾಲೇಜು, ಮುಂದೆ ಮಿಲಿಂದ ಮಹಾವಿದ್ಯಾಲಯ ಎಂದು ಹೆಸರಾದದ್ದು. 1951ರ ಸೆಪ್ಟೆಂಬರ್ 1ರಂದು ಅದರ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದರು. ನಿಜಾಮನ ಆಳ್ವಿಕೆಯಿಂದ ಆಗತಾನೆ ಹೊರಬಂದ ಮರಾಠವಾಡಾದಲ್ಲಿ ಉಚ್ಚ ಶಿಕ್ಷಣದ ಅನುಕೂಲ ತೀರ ಕಡಮೆ. ಹಳ್ಳಿಯ ದಲಿತ ಹುಡುಗ ಬಂದು ಓದಬೇಕೆಂದರೆ ಬರೀ ಕಾಲೇಜು ಕಟ್ಟಿದರಾಗದು, ಪಕ್ಕದಲ್ಲೇ ಹಾಸ್ಟೆಲು ಕಟ್ಟಬೇಕು. ನಾಗಸೇನವನ ಎಂದು ಕರೆದ ಆ ವಿಶಾಲ ಆವರಣದಲ್ಲಿ ಓದು, ಊಟ, ವಸತಿ ಎಲ್ಲವೂ ಒಂದೇ ಕಡೆ ಬೆಳೆದವು. ಆ ಮಣ್ಣಿನಿಂದಲೇ 1960ರ ದಶಕದಲ್ಲಿ ಅಸ್ಮಿತಾ ಎಂಬ ಪತ್ರಿಕೆ ಹುಟ್ಟಿ, ಗಂಗಾಧರ ಪಾನತಾವಣೆಯವರ ಕೈಯಲ್ಲಿ ಅಸ್ಮಿತಾದರ್ಶವಾಗಿ, ಮರಾಠಿ ದಲಿತ ಸಾಹಿತ್ಯಕ್ಕೆ ಮನೆಯಾಯಿತು. ಸೊಲ್ಲಾಪುರದ ಕಾಲದ ಸರಸ್ವತೀ ವಿಲಾಸದ ಮೊಮ್ಮಗ ಎನ್ನಬಹುದು. ನಮ್ಮ ಕನ್ನಡದ ದಲಿತ ಬಂಡಾಯದವರೂ ಈ ಮರಾಠಿ ಮನೆಯ ಕಡೆಗೆ ಕುತೂಹಲದಿಂದ ನೋಡಿದವರೇ.

ಒಂದು ಆಕ್ಷೇಪಣೆ ಇದೆ, ಹೇಳಿಬಿಡುತ್ತೇನೆ. ಜಾತಿಗೊಂದು ಹಾಸ್ಟೆಲು ಕಟ್ಟಿದರೆ ಜಾತಿ ಹೋಗುವುದು ಹೇಗೆ ಅಂತ ಕೇಳುವವರಿದ್ದಾರೆ. ಪ್ರಶ್ನೆ ಸುಳ್ಳಲ್ಲ. ಆದರೆ ಬಡೋದೆಯ ತೋಟದಲ್ಲಿ ಸಂಜೆವರೆಗೆ ಕೂತ ಮನುಷ್ಯನನ್ನು ಈ ಪ್ರಶ್ನೆ ಕೇಳುವಾಗ ಸ್ವಲ್ಪ ತಡೆದು ಕೇಳಬೇಕು. ಎಲ್ಲರ ಹಾಸ್ಟೆಲೂ ಎಲ್ಲರಿಗೂ ತೆರೆದಿದ್ದರೆ ಅವರು ಸೊಲ್ಲಾಪುರದಲ್ಲಿ ಬಾಡಿಗೆ ಮನೆ ಹುಡುಕುತ್ತಿರಲಿಲ್ಲ. ಬಾಗಿಲು ತೆರೆಯುವವರೆಗೆ ಹುಡುಗರನ್ನು ಮಳೆಯಲ್ಲಿ ನಿಲ್ಲಿಸುವಂತಿರಲಿಲ್ಲ. ತಮ್ಮದೇ ಕಾಲೇಜು ತೆರೆಯುವ ಕಾಲ ಬಂದಾಗ ಅದನ್ನು ಎಲ್ಲರಿಗೂ ತೆರೆದರೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಎರಡು ತಿಂಗಳೂ ತುಂಬಲಿಲ್ಲ, ಡಿಸೆಂಬರ್ 6ರಂದು ದಿಲ್ಲಿಯಲ್ಲಿ ನಿದ್ದೆಯಲ್ಲೇ ಹೋದರು. ವಿಮಾನದಲ್ಲಿ ಮುಂಬಯಿಗೆ ತಂದ ದೇಹವನ್ನು ರಾಜಗೃಹದಲ್ಲಿ ಇಟ್ಟರು. ಮರುದಿನದ ಮೆರವಣಿಗೆಯಲ್ಲಿ ಲಕ್ಷಾಂತರ ಜನ, ಗಿರಣಿಗಳು ನಿಂತುಹೋದವು. ದಾದರಿನ ಸಮುದ್ರ ತೀರದಲ್ಲಿ ಸಂಸ್ಕಾರವಾಯಿತು. ಈಗ ಪ್ರತಿವರ್ಷ ಡಿಸೆಂಬರ್ 6ಕ್ಕೆ ಚೈತ್ಯಭೂಮಿಗೆ ಬರುವ ಹಳ್ಳಿಯ ಜನ ಶಿವಾಜಿ ಪಾರ್ಕಿನ ಬಯಲಿನಲ್ಲೇ ರಾತ್ರಿ ಕಳೆಯುತ್ತಾರೆ. ಅಲ್ಲಿ ಎಲ್ಲಕ್ಕಿಂತ ಹೆಚ್ಚಿಗೆ ಮಾರಾಟವಾಗುವ ಸಾಮಾನುಗಳಲ್ಲಿ ಪುಸ್ತಕವೂ ಒಂದು.

ಸಿದ್ಧಾರ್ಥ ಕಾಲೇಜು ಬ್ಯಾರಕುಗಳಿಂದ ಫೋರ್ಟಿಗೆ ಬಂದು ಎರಡು ಕಟ್ಟಡಗಳನ್ನು ಹಿಡಿಯಿತು, ಆನಂದ ಭವನ ಮತ್ತು ಬುದ್ಧ ಭವನ. ಅಂಬೇಡ್ಕರರ ಸ್ವಂತ ಪುಸ್ತಕಗಳಲ್ಲಿ ಹಲವು ಆ ಕಾಲೇಜಿನ ಗ್ರಂಥಾಲ಼ಯಕ್ಕೆ ಸೇರಿವೆ, ಅವರ ಕೈಬರಹದ ಟಿಪ್ಪಣಿಗಳಿರುವ ಪ್ರತಿಗಳೂ ಸೇರಿ. ವಿ.ಟಿ. ಸ್ಟೇಶನ್ನಿನಿಂದ ದಾದಾಭಾಯಿ ನವರೋಜಿ ರಸ್ತೆ ಹಿಡಿದರೆ ಹೆಚ್ಚು ದೂರವೇನಲ್ಲ. ಹಾಸ್ಟೆಲಿಗೆ ಹೊಸದಾಗಿ ಬಂದವರು ಒಂದು ಶನಿವಾರ ಮಧ್ಯಾಹ್ನ ಬಿಡುವು ಮಾಡಿಕೊಂಡರೆ ಆ ಕಟ್ಟಡ ನೋಡಿಕೊಂಡು, ಹಾಗೇ ಪರೇಲಕ್ಕೆ ಲೋಕಲ್ ಹಿಡಿದು, ರಾತ್ರಿಯ ಮೆಸ್ಸಿನ ಹೊತ್ತಿಗೆ ಹಿಂದಿರುಗಬಹುದು.